ಚಕ್ರದ ಮುಂದಿನ ನಿಂಬೆಹಣ್ಣು

ನನಗೆ ಫೋಟೊ ನೋಡಲು ಬರುವುದಿಲ್ಲ. ಬೆಂಗಳೂರಿನ ಪತ್ರಿಕಾ ಕಚೇರಿಯಲ್ಲಿ ಅರ್ಧ ಆಯುಷ್ಯ ಅಡಿಬರಹ ಬರೆದವನು ನಾನು. ಕಣ್ಣು ಮೊದಲು ಚಿತ್ರದ ಕೆಳಗೆ ಹೋಗುತ್ತದೆ, ಅಲ್ಲಿನ ಎರಡು ಸಾಲು ಓದಿ ತೃಪ್ತಿಯಾದರೆ ಮಾತ್ರ ಮೇಲಕ್ಕೆ ಏರುತ್ತದೆ. ಮದುವೆಯ ಆಲ್ಬಮ್ ಕೊಟ್ಟರೂ ಹಾಗೇ. ಕೆಳಗೆ ಏನೂ ಬರೆದಿಲ್ಲವೆಂದರೆ ಮದುಮಗ ಯಾರೆಂದು ಕೇಳಿಬಿಡುತ್ತೇನೆ.

ಇಂಥವನನ್ನು ಸುಶೀಲಾ ಕಾರ್ ರೇಸಿನ ಹಳೆಯ ಫೋಟೊಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಸುಶೀಲಾ ಕ್ಯಾಲಿಫೋರ್ನಿಯಾದ ಹೇವರ್ಡಿನಲ್ಲಿ ಡಾಕ್ಟರು, ಮೈಸೂರಿನ ಹುಡುಗಿ. ಎಂಬತ್ತರ ದಶಕದ ಮಾತು ಇದು. ನಾನು ಆಗ ಸರಟೋಗಾದಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಇಲ್ಲಿನ ಕನ್ನಡಿಗರಿಗಾಗಿ ನಾಲ್ಕು ಪುಟದ ವಾರ್ತಾಪತ್ರ ತರುತ್ತಿದ್ದೆ. ಕನ್ನಡ ಅಕ್ಷರ ಒತ್ತುವ ಯಂತ್ರವಿಲ್ಲದ ಊರಾದ್ದರಿಂದ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸುವುದು.

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆಯ ಗೋದಾಮಿನಲ್ಲಿ ಪ್ರದರ್ಶನ. ಒಳಗೆ ಹೋದ ಕೂಡಲೇ ನನಗೆ ಗೊಂದಲ ಶುರುವಾಯಿತು. ಮೊದಲ ಚಿತ್ರದ ಕಾರಿನ ಚಕ್ರಗಳು ಗುಂಡಗಿರಲಿಲ್ಲ. ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದುಕೊಂಡು ಮುಂದಕ್ಕೆ ವಾಲಿದ್ದವು. ಅಂಥ ಚಕ್ರದ ಮೇಲೆ ಯಾರು ಹೇಗೆ ಓಡಿಸಿದರು? ಗೋಡೆಯ ಮೇಲಿನ ಟಿಪ್ಪಣಿ ವಿವರಿಸಿತು: ಹಳೆಯ ಕ್ಯಾಮೆರಾದ ಪರದೆ ನಿಧಾನವಾಗಿ ಸರಿಯುತ್ತಿತ್ತಂತೆ, ಅದು ಸರಿದು ಮುಗಿಯುವಷ್ಟರಲ್ಲಿ ಚಕ್ರ ಒಂದಿಷ್ಟು ಮುಂದೆ ಹೋಗಿರುತ್ತಿತ್ತಂತೆ. ಅಂದರೆ ಚಕ್ರದ ಒಂದು ತುದಿ ಈಗಿನದು, ಇನ್ನೊಂದು ತುದಿ ಆಮೇಲಿನದು. ಒಂದೇ ವಾಕ್ಯದಲ್ಲಿ ಎರಡು ಕಾಲ ಬಂದರೆ ನಾನು ಕೆಂಪು ಶಾಯಿ ಹಿಡಿಯುತ್ತಿದ್ದೆ. ಇಲ್ಲಿ ಅದಕ್ಕೆ ಚೌಕಟ್ಟು ಹಾಕಿದ್ದರು.

ಎರಡನೆಯ ಗೊಂದಲ ಇನ್ನೂ ದೊಡ್ಡದು. ಒಂದು ಚಿತ್ರದಲ್ಲಿ ಎಲ್ಲರಿಗಿಂತ ಮುಂದಿದ್ದ ಕಾರನ್ನು ನಾನು ಮನಸ್ಸಿನಲ್ಲೇ ಗೆಲ್ಲಿಸಿಬಿಟ್ಟಿದ್ದೆ. ಅಡಿಬರಹ ಓದಿದರೆ ಆತನೇ ಕೊನೆಯವನು. ದುಂಡನೆಯ ದಾರಿಯಲ್ಲಿ ಒಂದು ಸುತ್ತು ಹಿಂದೆ ಬಿದ್ದವನು ಮೊದಲಿಗನ ಮುಂದೆ ಕಾಣಿಸಿಕೊಳ್ಳಬಹುದಂತೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರ ಬಡ್ತಿ ನನಗೆ ಅಂದು ಅರ್ಥವಾಯಿತು.

ಸುಶೀಲಾ ನನ್ನನ್ನು ಕೊನೆಯ ಗೋಡೆಗೆ ಎಳೆದುಕೊಂಡು ಹೋದಳು. ಅಲ್ಲಿ ಅವಳೇ ಕೊಟ್ಟಿದ್ದ ಕಪ್ಪು ಬಿಳುಪು ಚಿತ್ರ. ಮದ್ರಾಸಿನ ಹತ್ತಿರದ ಶೋಲಾವರಂನ ಹಳೆಯ ವಿಮಾನಪಟ್ಟಿ, ಮೂತಿಗೆ ಚೆಂಡುಹೂವಿನ ಮಾಲೆ ಹಾಕಿದ ಕಾರು, ಪಕ್ಕದಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು ನಗುತ್ತಿರುವ ಅವಳ ತಂದೆ. ಕೆಳಗೆ ಇಂಗ್ಲಿಷಿನಲ್ಲಿ, ಗೆದ್ದ ಕಾರು, ವಿಜಯಮಾಲೆಯೊಂದಿಗೆ ಎಂದಿತ್ತು.

"ನಮ್ಮಪ್ಪ ಸರ್. ಫಸ್ಟ್ ಬಂದಿದ್ರು," ಎಂದಳು. "ಅವರು ಹೋಗಿ ಎರಡು ವರ್ಷ ಆಯ್ತು. ಅವರ ಬಗ್ಗೆ ಎಲ್ಲೂ ಒಂದು ಲೈನು ಪ್ರಿಂಟ್ ಆಗಿಲ್ಲ. ನಮ್ಮ ಪೇಪರಲ್ಲಿ ಹಾಕ್ತೀರಲ್ಲ? ರೇಸ್ ಗೆದ್ದ ಮೊದಲ ಕನ್ನಡಿಗ ಅಂತ."

"ಮೊದಲ ಅನ್ನೋದು ಬೇಡಮ್ಮ. ನಾಳೆ ಇನ್ಯಾರದೋ ಮಗಳು ಫೋನ್ ಮಾಡ್ತಾಳೆ."

"ಒಂದು ಪದಕ್ಕೂ ಚೌಕಾಸಿ ಮಾಡ್ತೀರಪ್ಪ. ಗೆದ್ದ ಅಂತಾದ್ರೂ ಹಾಕಿ."

ಆಗಲಿ ಎಂದು ಅಡಿಬರಹದಿಂದ ಕಣ್ಣನ್ನು ಮೇಲಕ್ಕೆ ಹತ್ತಿಸಿದೆ. ದಾರಿಯಲ್ಲೇ ಅದು ನಿಂತಿತು. ಮುಂದಿನ ಚಕ್ರದ ಬುಡದಲ್ಲಿ ಬೆಳ್ಳಗೆ, ಗುಂಡಗೆ ಏನೋ ಇತ್ತು. ಪಕ್ಕದಲ್ಲಿದ್ದ ಅಮೆರಿಕನ್ ದಂಪತಿಗಳು ಅದು ಗಾಲ್ಫ್ ಚೆಂಡಿರಬೇಕು ಎಂದು ಮಾತಾಡಿಕೊಂಡರು. ಅದು ನಿಂಬೆಹಣ್ಣು. ಇಡಿಯಾಗಿತ್ತು.

ಈ ನಾಡಿನಲ್ಲಿ ಗೆದ್ದ ಮೇಲೆ ಮಾಲೆ ಹಾಕುತ್ತಾರೆ. ನಮ್ಮಲ್ಲಿ ಮಾಲೆ ಮೊದಲು, ಫಲಿತಾಂಶ ಆಮೇಲೆ. ಪೂಜೆಯಾಗಿ ಗಾಡಿ ಹೊರಟರೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಆಗಿಲ್ಲವೆಂದರೆ ಈ ಕಾರು ಇನ್ನೂ ಹೊರಟೇ ಇಲ್ಲ. ಇದು ಓಟಕ್ಕೆ ಮುಂಚಿನ ಚಿತ್ರ. ಗೆಲುವಿಗೆ ಇದು ಸಾಕ್ಷಿಯಲ್ಲ. ಮನೆಯ ಪುಟ್ಟ ಪ್ರತಿಯಲ್ಲಿ ಚಕ್ರದ ಬುಡ ಚೌಕಟ್ಟಿನಡಿ ಮುಚ್ಚಿಹೋಗಿತ್ತೆಂದು ಆಮೇಲೆ ತಿಳಿಯಿತು. ಇಲ್ಲಿ ದೊಡ್ಡದು ಮಾಡಿ, ಪೂರ್ತಿ ತೋರಿಸಿಬಿಟ್ಟಿದ್ದರು.

ಹೇಳಲೋ ಬಿಡಲೋ? ಸುದ್ದಿಮನೆಯಲ್ಲಾಗಿದ್ದರೆ ಸಂಶಯದ ಪದ ಹೊಡೆದುಹಾಕಿ ಟೀ ಕುಡಿಯಲು ಹೋಗುತ್ತಿದ್ದೆ. ಇಲ್ಲಿ ಆ ಪದದ ಮಗಳು ಎದುರಿಗೆ ನಿಂತಿದ್ದಳು. ನಾನು ಕನ್ನಡಕ ಒರೆಸಿಕೊಂಡೆ. ಅದು ಕೊಳೆಯಾಗಿರಲಿಲ್ಲ.

ಬೆಂಚಿನ ಮೇಲೆ, ನಮ್ಮ ಜೊತೆಗೇ ಬಂದಿದ್ದ ಸುಶೀಲಾಳ ತಾಯಿ ಕಮಲಮ್ಮನವರು ಕೂತಿದ್ದರು, ರೇಷ್ಮೆ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಗಳ ಓಟದ ಶೂ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನಿಂಬೆಹಣ್ಣು ನೋಡಿದ್ರೇನಪ್ಪಾ?" ಎಂದರು.

"ನೋಡಿದೆ ಅಮ್ಮ."

"ಇವಳು ಮೂರನೇ ಕ್ಲಾಸಲ್ಲಿ ಕೇಳಿದ್ಳು, ಅಪ್ಪ ಗೆದ್ರಾ ಅಂತ. ಅವರು ನಕ್ರು. ಇವಳು ಹೌದು ಅಂತ ತಿಳ್ಕೊಂಡ್ಳು. ಆಮೇಲೆ ತಿದ್ದೋಕೆ ಯಾರಿಗೂ ಪುರುಸೊತ್ತಾಗ್ಲಿಲ್ಲ."

ಸುಶೀಲಾ ಬೆನ್ನ ಹಿಂದೆಯೇ ಬಂದು ನಿಂತಿದ್ದಳು.

"ಹಾಗಾದ್ರೆ ಎಷ್ಟನೇ ಪ್ಲೇಸಮ್ಮ?"

"ಯಾವ ಪ್ಲೇಸೂ ಇಲ್ಲ ಕಣೇ. ಎರಡನೇ ಸುತ್ತಿಗೆ ಹೊಗೆ ಬಂತು. ತಳ್ಕೊಂಡು ಬಂದ್ರು."

"ಸ್ಕೂಲಲ್ಲೆಲ್ಲ ಹೇಳ್ಕೊಂಡು ಬಂದೆನಲ್ಲಮ್ಮ ನಾನು. ಇಲ್ಲಿ ಆಸ್ಪತ್ರೆಲೂ ಹೇಳಿದೀನಿ. ಅಷ್ಟು ಪೂಜೆ ಮಾಡಿ ಏನು ಬಂತು?"

"ಗೆಲ್ಲಲಿ ಅಂತ ಮಾಡಿದ್ನೇನೇ ನಾನು? ವಾಪಸ್ ಬರಲಿ ಅಂತ ಮಾಡಿದ್ದು. ಅವತ್ತು ನೀನು ಹೊಟ್ಟೇಲಿದ್ದೆ. ಬಂದ್ರಲ್ಲ. ಬಂದು, ಹುಳಿ ತಣ್ಣಗಾಗಿದೆ ಅಂತ ಸಿಡುಕಿದ್ರು."

ಸುಶೀಲಾ ಚಿತ್ರದ ಹತ್ತಿರ ಹೋಗಿ ಬಗ್ಗಿ ನಿಂಬೆಹಣ್ಣನ್ನೇ ನೋಡುತ್ತಿದ್ದಳು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗು ಇತ್ತು. "ಈಗ ಏನು ಬರೀತೀರಿ ಸರ್?" ಎಂದಳು.

ಅಷ್ಟು ವರ್ಷಗಳ ಕೆಲಸದಲ್ಲಿ ಒಬ್ಬ ಮನುಷ್ಯ ಸಂಜೆ ಮನೆಗೆ ಬಂದ ಎಂಬ ಅಡಿಬರಹ ನಾನು ಬರೆದಿರಲಿಲ್ಲ. ಬಾರದಿದ್ದರೆ ಮಾತ್ರ ಅದು ನಮ್ಮ ಮೇಜಿಗೆ ಬರುತ್ತಿತ್ತು. ಮನೆಗೆ ಹೋಗಿ ಬರೆದೆ: ‘ಶೋಲಾವರಂನಲ್ಲಿ ಓಟಕ್ಕೆ ಮುನ್ನ. ನಿಂಬೆಹಣ್ಣು ಇಟ್ಟವರು ಶ್ರೀಮತಿ ಕಮಲಮ್ಮ. ಸಂಜೆ ಪತಿ ಊಟಕ್ಕೆ ಬಂದರು.’ ಫೋನಿನಲ್ಲಿ ಓದಿ ಹೇಳಿದಾಗ ಸುಶೀಲಾ ಅದನ್ನು ಅಮ್ಮನಿಗೆ ಗಟ್ಟಿಯಾಗಿ ಒಪ್ಪಿಸಿದಳು. ಹಿಂದಿನಿಂದ ಕಮಲಮ್ಮನವರ ದನಿ ಬಂತು: "ಹುಳಿ ವಿಷಯ ಹಾಕ್ಬೇಡಿ ಅಂತ ಹೇಳೇ."

ಉಳಿದದ್ದು ಗೋದಾಮಿನ ಗೋಡೆಯ ಚೀಟಿ. ತಪ್ಪು ಕಂಡರೆ ತಿದ್ದಿಸದೆ ಬಿಟ್ಟವನಲ್ಲ ನಾನು. ಮುಂದಿನ ವಾರ ಅದಕ್ಕೆಂದೇ ಬಸ್ಸು ಹಿಡಿದು ಹೋದೆ, ಚೀಟಿಯ ಎದುರು ನಿಂತೆ, ‘ಗೆದ್ದ ಕಾರು’ ಎಂಬುದನ್ನು ಮತ್ತೆ ಮತ್ತೆ ಓದಿದೆ. ಕಮಲಮ್ಮನವರ ಲೆಕ್ಕ ಹಿಡಿದರೆ ಅದರಲ್ಲಿ ತಪ್ಪು ಎಲ್ಲಿದೆಯೆಂದು ನನಗೆ ಖಚಿತವಾಗಲಿಲ್ಲ. ಹಾಗೇ ಬಿಟ್ಟು ಬಂದೆ.