ಮೂಗಿಗೆ ಎರಡು ತೊಟ್ಟು ಎಣ್ಣೆ

ನನಗೆ ಕೋಪ ಬೇಗ ಬರುತ್ತದೆ. ಇಳಿಯುವುದೂ ಬೇಗವೇ, ಆದರೆ ಅಷ್ಟರಲ್ಲಿ ಬಾಯಿ ತನ್ನ ಕೆಲಸ ಮುಗಿಸಿರುತ್ತದೆ. ಹೊರಗಿನವರ ಮೇಲೆ ಈ ಜೋರು ನಡೆಯುವುದಿಲ್ಲ, ಬಿಡಿ. ಅದೆಲ್ಲ ಅಮ್ಮನ ಮೇಲೆ ಮಾತ್ರ.

ನಾನು ನರ್ಸ್. ಮಧುಗಿರಿಯಲ್ಲಿ ಬಾಡಿಗೆ ಮನೆ. ನಮ್ಮ ಮನೆಯವರಿಗೆ ಪಾವಗಡದ ಕಡೆ, ಬಲಸಮುದ್ರದ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕೆಲಸ. ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕೆಂದು ಅಮ್ಮ ಮದಲೂರಿನಲ್ಲಿ ಕೋಣೆಗೆ ಸುಣ್ಣ ಹೊಡೆಸಿಕೊಂಡು ಕಾಯುತ್ತಿದ್ದಳು. "ನಾನು ಬರಲ್ಲ, ಬೇಕಾದ್ರೆ ನೀನೇ ಬಾ" ಎಂದುಬಿಟ್ಟೆ. ಆಸ್ಪತ್ರೆ ಹತ್ತಿರವಿರಬೇಕು ಅನ್ನುವುದು ನೆಪ. ನನ್ನ ಮಗುವನ್ನು ನನ್ನ ರೀತಿಯಲ್ಲೇ ಸಾಕಬೇಕು ಅನ್ನುವುದು ನಿಜವಾದ ಕಾರಣ. ಅಮ್ಮ ವಾದ ಮಾಡಲಿಲ್ಲ. ಬೆಳ್ಳುಳ್ಳಿ, ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ, ಮೆತ್ತಗಾದ ಹಳೇ ಸೀರೆಗಳು ಎಲ್ಲವನ್ನೂ ಎರಡು ಚೀಲಕ್ಕೆ ತುಂಬಿಕೊಂಡು ಶಿರಾದಲ್ಲಿ ಬಸ್ಸು ಬದಲಿಸಿ ಬಂದಿಳಿದಳು.

ಅವಳು ಮಗುವಿಗೆ ನೀರು ಹಾಕುವುದನ್ನು ನೋಡಬೇಕಿತ್ತು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕಾಲು ನೀಡಿ ಕೂತು, ಎರಡು ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಿದ್ದಳು. ಮೈಗೆಲ್ಲ ಎಣ್ಣೆ ತಿಕ್ಕಿ, ಚೊಂಬಿನಲ್ಲಿ ನೀರು ಸುರಿದರೆ ನನ್ನ ಮಗಳು ಕಿಟಾರ್ ಅಂತ ಕೂಗದೆ ಸುಮ್ಮನೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಮಗುವಿನದಾದ ಮೇಲೆ ನನ್ನ ಸರದಿ. ಬಾಣಂತಿಗೂ ನೀರು ಹಾಕಬೇಕಲ್ಲ.

ಹೆರಿಗೆಯಾಗಿ ಇಪ್ಪತ್ತನೇ ದಿನವಿರಬೇಕು. ಓನರ್ ಮನೆಯ ಆಂಟಿ ಮಗು ನೋಡಲು ಬಂದು ಬಚ್ಚಲ ಬಾಗಿಲಲ್ಲೇ ನಿಂತಿದ್ದರು. ಅಮ್ಮ ಬೆರಳನ್ನು ಎಣ್ಣೆಯಲ್ಲಿ ಅದ್ದಿ ಮಗುವಿನ ಮೂಗಿಗೆ ಎರಡು ತೊಟ್ಟು ಬಿಟ್ಟಳು. ಬೇಡವೆಂದು ಮೊದಲೇ ಎರಡು ಸಲ ಹೇಳಿದ್ದೆ. ಕೋಪ ನೆತ್ತಿಗೇರಿತು ನೋಡಿ.

"ದಿನಾ ಎಷ್ಟು ಜನ ತಾಯಂದಿರಿಗೆ ಹೇಳ್ತೀನಿ, ಮೂಗಿಗೆ ಎಣ್ಣೆ ಬಿಡಬೇಡ್ರಿ ಅಂತ! ಎದೆಗೆ ಇಳಿದ್ರೆ ಏನು ಗತಿ? ನಿಂಗೇನು ಗೊತ್ತು? ಇದು ನನ್ನ ಮಗು!"

"ನಿಂಗೂ ಅಂಗೇ ಬುಟ್ಟಿದ್ದು ಕಣಮ್ಮ" ಎಂದಳು ಅಮ್ಮ, ಮೆಲ್ಲಗೆ.

"ನಾನು ಬದುಕಿದ್ದು ನನ್ನ ಪುಣ್ಯ."

ಆಂಟಿ ಮೆಲ್ಲನೆ ಜಾಗ ಖಾಲಿ ಮಾಡಿದರು. ಅಮ್ಮ ಮಗುವಿಗೆ ನೀರು ಹಾಕಿ, ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ನನಗೆ ನೀರು ಹಾಕಲು ಕರೆದಳು. "ಬೇಡ, ನಂಗೆ ನಾನೇ ಹಾಕ್ಕೋತೀನಿ" ಎಂದೆ. ಮಾರನೇ ದಿನ ಬೆಳಗ್ಗೆ, ಊರಲ್ಲಿ ಎಮ್ಮೆ ಕರು ಹಾಕುವ ಹಾಗಿದೆ, ನೋಡಿಕೊಳ್ಳುವವರಿಲ್ಲ ಎಂದು ಹೇಳಿ ಹೊರಟೇಬಿಟ್ಟಳು. ಆ ಎಮ್ಮೆ ಕರು ಹಾಕಲು ಇನ್ನೂ ಎರಡು ತಿಂಗಳಿತ್ತು. ಅದು ನನಗೂ ಗೊತ್ತಿತ್ತು. ಆದರೂ 'ಇರಮ್ಮ' ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಆನ್‌ಲೈನಿನಲ್ಲಿ ಪ್ಲಾಸ್ಟಿಕ್ ಟಬ್ ತರಿಸಿದೆ. ವಿಡಿಯೋ ನೋಡಿದೆ. ಅಯ್ಯೋ, ಆಸ್ಪತ್ರೆಯಲ್ಲಿ ನಾನು ಎತ್ತಿಕೊಳ್ಳದ ಮಗುವೇ? ಒಂದು ದಿನವೂ ಕೈ ತಪ್ಪಿದ್ದಿಲ್ಲ. ನನ್ನದೇ ಮಗುವನ್ನು ನೀರಿಗಿಳಿಸಿದರೆ ಮಾತ್ರ ಕೈಗೆ ಸ್ವಾಧೀನವೇ ಇರುತ್ತಿರಲಿಲ್ಲ. ನನ್ನ ಹೆದರಿಕೆ ಅವಳಿಗೂ ಗೊತ್ತಾಗಿ ಮೈ ಸೆಟೆದುಕೊಂಡು ಕಿರುಚುತ್ತಿದ್ದಳು. ನಡುವೆ ಮೂರು ದಿನ ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿ ಕಳೆದೆ. ನನ್ನ ತಲೆಗೂದಲು ಜಿಡ್ಡುಗಟ್ಟಿ ಅಂಟಿಕೊಂಡಿತ್ತು. ಅಮ್ಮ ದಿನಾ ಫೋನ್ ಮಾಡುತ್ತಿದ್ದಳು. "ಮಗು ಹಾಲು ಕುಡೀತಾ? ನೀನು ಉಂಡಾ?" ಎಂದು ಕೇಳಿ ಇಟ್ಟುಬಿಡುವಳು. ನಾನೂ "ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದೆ. ಶುದ್ಧ ಸುಳ್ಳು.

ಅಮ್ಮ ಹೋದ ಹನ್ನೊಂದನೇ ದಿನ ಬೆಳಗ್ಗೆ ಸೋಪು ಹಚ್ಚಿದ ಮಗು ಕೈಯಿಂದ ಜಾರಿತು. ಟಬ್ಬಿನ ಅಂಚಿಗೆ ತಲೆ ತಗಲುವಷ್ಟರಲ್ಲಿ ಹಿಡಿದುಕೊಂಡೆ. ಏನೂ ಆಗಲಿಲ್ಲ, ಆದರೆ ನನಗೆ ಅಳು ತಡೆಯಲಾಗಲಿಲ್ಲ. ಟವೆಲ್ ಸುತ್ತಿದ ಮಗುವನ್ನು ಎದೆಗವಚಿಕೊಂಡು ಬಚ್ಚಲ ಹೊಸ್ತಿಲಲ್ಲೇ ಕೂತು ಫೋನ್ ಮಾಡಿದೆ.

"ಅಮ್ಮ, ಮಗೂಗೆ ನೀರು ಹಾಕೋಕೆ ನಂಗೆ ಬರ್ತಿಲ್ಲ."

'ನರ್ಸಲ್ವೇನೇ ನೀನು' ಅಂತಾಳೆ, ಅನ್ನಲಿ, ಅನ್ನಿಸಿಕೊಳ್ಳಲೇಬೇಕು ಅಂದುಕೊಂಡೆ.

"ಅಳಬ್ಯಾಡ. ಮಗೀನ ಬೆಚ್ಚಗೆ ಸುತ್ತು. ನಾನು ಬತ್ತೀನಿ."

ಮಧ್ಯಾಹ್ನದ ಹೊತ್ತಿಗೆ ಬಂದಳು. ಕೈಕಾಲು ತೊಳೆದು, ಒಂದು ಲೋಟ ನೀರು ಕುಡಿದು, ಸೀದಾ ಮಣೆ ಹಾಕಿಕೊಂಡು ಕೂತಳು. ಎಣ್ಣೆ ತಿಕ್ಕುತ್ತಾ ತಿಕ್ಕುತ್ತಾ ಅವಳ ಬೆರಳು ಮೂಗಿನ ಹತ್ತಿರ ಹೋಗಿ ನಿಂತಿತು. ನನ್ನ ಮುಖ ನೋಡಿದಳು.

"ಬ್ಯಾಡ ಅಲ್ವಾ?"

"ಬೇಡಮ್ಮ."

"ಕಿವೀಗೆ?"

"ಅದಕ್ಕೂ ಬೇಡ."

"ನೆತ್ತೀಗಾದ್ರೂ ಹಚ್ಚಲೇನೇ, ಡಾಕ್ಟ್ರಮ್ಮ?"

ಎಷ್ಟೋ ದಿನದ ಮೇಲೆ ನನಗೆ ನಗು ಬಂತು. ಅವಳೂ ನಕ್ಕಳು. ಮಗಳು ಮೊದಲಿನಂತೆಯೇ ಅವಳ ಕಾಲ ಮೇಲೆ ಹಾಯಾಗಿ ಮಲಗಿ ನೀರು ಹಾಕಿಸಿಕೊಂಡು, ಹಾಲು ಕುಡಿದು ನಿದ್ದೆ ಹೋದಳು. ನಾನು ಕೋಣೆಯಿಂದ ಈಚೆಗೆ ಬರುವಷ್ಟರಲ್ಲಿ ಅಮ್ಮ ಇನ್ನೊಂದು ಬಕೆಟ್ ಬಿಸಿನೀರು ತುಂಬಿಟ್ಟಿದ್ದಳು.

"ಬಾ, ಕೂತ್ಕ."

ಹೋಗಿ ಕೂತೆ. ನೀರು ಮೊದಲು ಬೆನ್ನಿಗೆ ಬಿತ್ತು, ಆಮೇಲೆ ತಲೆಗೆ. ಅವಳು ಸೀಗೆಪುಡಿ ಹಾಕಿ ನೆತ್ತಿ ತಿಕ್ಕತೊಡಗಿದಾಗ, ಮುಖ ಕಾಣದಿದ್ದರಿಂದಲೋ ಏನೋ, ಧೈರ್ಯ ಬಂತು.

"ಅವತ್ತು ನಾನು ಹಾಗನ್ನಬಾರದಿತ್ತಮ್ಮ."

ಅವಳ ಕೈ ನಿಲ್ಲಲಿಲ್ಲ.

"ನೀನು ಹುಟ್ಟೋ ಹೊತ್ಗೆ ನಮ್ಮವ್ವ ಹೋಗಿ ಒಂದ್ವರ್ಷ ಆಗಿತ್ತು. ನಿಂಗೂ ನಾನೇ ನೀರು ಹಾಕ್ದೆ, ನಂಗೂ ನಾನೇ ಹಾಕ್ಕಂಡೆ. ಮೂಗಿಗೆ ಎಣ್ಣೆ ಬುಡಬೇಕೋ ಬ್ಯಾಡ್ವೋ, ಕೇಳಾನ ಅಂದ್ರೆ ಯಾರಿದ್ರು?" ಒಂದು ಚೊಂಬು ನೀರು ಸುರಿದಳು. "ನಮ್ಮವ್ವ ಇದ್ದಿದ್ರೆ ನಾನೂ ಇಂಗೇ ಬೈತಿದ್ದೆ ಕಣಮ್ಮ."

ನನಗೆ ತಿರುಗಿ ಅವಳ ಮುಖ ನೋಡಲಾಗಲಿಲ್ಲ. ಕಣ್ಣಿಗೆ ಸೀಗೆ ಹೋಗುತ್ತದೆಂದು ಅವಳೇ ನನ್ನ ಹಣೆಗೆ ಕೈ ಅಡ್ಡ ಹಿಡಿದು ನೀರು ಹಾಕಿದಳು, ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಾಗೆಯೇ. ತಲೆಯ ಜಿಡ್ಡೆಲ್ಲ ಹೋಗಿತ್ತು.

"ಸಾಕೇನೇ?" ಎಂದಳು.

"ಇನ್ನೊಂದು ಚೊಂಬು ಹಾಕಮ್ಮ" ಎಂದೆ.