ನಿಶ್ಚಲದ ಹದಿನಾಲ್ಕು ಸೆಂಟಿಮೀಟರ್

ನಕ್ಷೆ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸ್ಕೇಲು ಎಂದು. ಅಂಗಿ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲಿಲ್ಲದೆ ಅವನನ್ನು ಕಂಡವರೇ ಇಲ್ಲ. ಮದುವೆ ಫೋಟೋದಲ್ಲೂ ಅದು ಇಣುಕುತ್ತಿದೆ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅಳತೆಯ ವಿಷಯದಲ್ಲಿ ಅವನು ಅಷ್ಟು ಕಟ್ಟುನಿಟ್ಟು. ಆದ್ದರಿಂದಲೇ ಅವನ ಮಾತನ್ನು ಎಲ್ಲರೂ ನಂಬಿದರು.

ಹಡಗುಕಟ್ಟೆಯ ಗೇಟಿನ ಪಕ್ಕದ ಕಟ್ಟಡದಲ್ಲಿ, ಎರಡನೇ ಮಹಡಿಯ ಉದ್ದನೆಯ ಹಾಲು. ನಕ್ಷೆ ಬರೆಯಲು ಓರೆಯಾಗಿ ನಿಲ್ಲಿಸಿದ ನಲವತ್ತು ಹಲಗೆಗಳು, ಒಂದೊಂದಕ್ಕೆ ಒಂದೊಂದು ಎತ್ತರದ ಸ್ಟೂಲು. ಮೂಲೆಯಲ್ಲಿ ನಕ್ಷೆಯ ಪ್ರತಿ ತೆಗೆಯುವ ಯಂತ್ರ. ಅದರ ಅಮೋನಿಯಾ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡುತ್ತಿರಲಿಲ್ಲ. ಕೊನೆಯ ಗಾಜಿನ ಕೋಣೆಯಲ್ಲಿ ಮುಖ್ಯ ಎಂಜಿನಿಯರು, ಅಂದರೆ ದೊಡ್ಡ ಸಾಹೇಬರು. ಕಿಟಕಿಯ ಸಾಲಿನಲ್ಲಿ ಟ್ರೇಸರ್‌ಗಳು. ಇವನಂಥವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಶಾಯಿಯಲ್ಲಿ ಗೆರೆ ತಪ್ಪದೆ ಎಳೆಯುವುದು ಅವರ ಕೆಲಸ. ಅವರಲ್ಲಿ ಹಿರಿಯಳನ್ನು ಇಡೀ ಹಾಲು ಅಕ್ಕ ಎನ್ನುತ್ತಿತ್ತು. ಮುತ್ತು ಪೋಣಿಸಿದಂಥ ಅಕ್ಷರ. ಹೊಸದಾಗಿ ಸೇರಿದಾಗ ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದ ಸ್ಕೇಲುವಿನ ಕೈ ಹಿಡಿದು ತಿದ್ದಿದವಳೂ ಅವಳೇ.

"ನಿಧಾನ ಕಣಪ್ಪ. ಹಡಗು ಎಲ್ಲೂ ಓಡಿಹೋಗಲ್ಲ. ಇನ್ನೂ ಕಾಗದದಲ್ಲೇ ಇದೆ" ಎನ್ನುತ್ತಿದ್ದಳು.

ಆಗ ಅವರು ಕಟ್ಟುತ್ತಿದ್ದದ್ದು ಒಂದು ಫ್ರಿಗೇಟು. ದೊಡ್ಡ ಯುದ್ಧನೌಕೆಯಷ್ಟು ದೊಡ್ಡದಲ್ಲ, ಗಸ್ತು ದೋಣಿಯಷ್ಟು ಚಿಕ್ಕದೂ ಅಲ್ಲ; ಬೇರೆ ಹಡಗುಗಳಿಗೆ ಕಾವಲಾಗಿ ಹೋಗುವಂಥದ್ದು. ನೂರಿಪ್ಪತ್ತು ಮೀಟರ್ ಉದ್ದ, ಇನ್ನೂರು ಜನ. ಹೆಸರಿನ್ನೂ ಇಟ್ಟಿರಲಿಲ್ಲ, ಏಳನೇ ನಂಬರ್ ಅನ್ನುತ್ತಿದ್ದರು. ಸ್ಕೇಲುವಿನ ಪಾಲಿಗೆ ಬಂದದ್ದು ಹಿಂಭಾಗದ ಎಂಜಿನ್ ಕೋಣೆಯಿಂದ ಮೇಲಕ್ಕೆ ಬರುವ ಏಣಿ ಮತ್ತು ಅದರ ಬಾಯಿ. ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಕೆಳಗಿನವರಿಗೆ ಅದೊಂದೇ ದಾರಿ. ಬಾಯಿಯ ಅಗಲ ಎಪ್ಪತ್ತು ಸೆಂಟಿಮೀಟರ್.

ಅರ್ಧ ದಾರಿಯಲ್ಲಿ ನೌಕಾಪಡೆಯವರು ರಾಡಾರ್ ಬದಲಿಸಿದರು. ಹೊಸದು ದೊಡ್ಡದು, ಅದರ ಕೇಬಲ್ಲುಗಳ ಕಂತೆಯೂ ದಪ್ಪ. ಆ ಕಂತೆ ಇಳಿಯುವ ಕೊಳವೆ ಏಣಿಯ ಪಕ್ಕದಲ್ಲೇ ಬರಬೇಕಾಯಿತು. ಹಾಗಾಗಿ ಏಣಿಯ ಬಾಯಿಯನ್ನು ಹದಿನಾಲ್ಕು ಸೆಂಟಿಮೀಟರ್ ಎಡಕ್ಕೆ ಸರಿಸಿ ಎಂದು ತಿದ್ದುಪಡಿ ಹಾಳೆ ಬಂತು. ಬಂದ ದಿನ ಸ್ಕೇಲು ಮನೆ ಬದಲಿಸಲು ಎರಡು ದಿನ ರಜೆಯಲ್ಲಿದ್ದ. ಯಾರೋ ಅದನ್ನು ಅವನ ಡ್ರಾಯರಿಗೆ ಹಾಕಿದರು. ಹನ್ನೆರಡನೇ ತಾರೀಕು ಬಂದು ಡ್ರಾಯರ್ ತೆಗೆದ, ಹಾಳೆ ನೋಡಿದ, ಮಧ್ಯಾಹ್ನ ತಿದ್ದಿ ಕೊಟ್ಟರಾಯಿತು ಎಂದುಕೊಂಡ. ಮಧ್ಯಾಹ್ನ ಬೇರೇನೋ ಕೆಲಸ ಬಂತು. ಹಾಳೆ ಅಲ್ಲೇ ಉಳಿಯಿತು. ಹದಿನಾಲ್ಕಕ್ಕೆ ಹಳೆಯ ನಕ್ಷೆಯೇ ಹಡಗುಕಟ್ಟೆಗೆ ಹೋಯಿತು. ಹತ್ತೊಂಬತ್ತಕ್ಕೆ ಅವನಿಗೆ ಜ್ಞಾಪಕ ಬಂದು, ತರಾತುರಿಯಲ್ಲಿ ತಿದ್ದಿ, ಓಡಿಹೋಗಿ ಅಕ್ಕನ ಮೇಜಿನ ಮೇಲಿಟ್ಟ. ತಡವಾದದ್ದು ಕಾಣದಿರಲಿ ಎಂದು ಹಾಳೆಯ ಮೂಲೆಯಲ್ಲಿ ಹನ್ನೆರಡು ಎಂದು ತಾರೀಕು ಹಾಕಿದ. ಕಟ್ಟೆಯವರು ಅಷ್ಟು ಬೇಗ ಉಕ್ಕು ಕತ್ತರಿಸಲಿಕ್ಕಿಲ್ಲ ಎಂಬ ಆಸೆ.

ಕತ್ತರಿಸಿದ್ದರು. ವೆಲ್ಡಿಂಗೂ ಮುಗಿದಿತ್ತು. ಕೊಳವೆ ಹೊಸ ನಕ್ಷೆಯ ಪ್ರಕಾರ, ಬಾಯಿ ಹಳೆಯ ನಕ್ಷೆಯ ಪ್ರಕಾರ. ಎಪ್ಪತ್ತು ಇರಬೇಕಾದಲ್ಲಿ ಐವತ್ತಾರು ಉಳಿಯಿತು. ಬಿಚ್ಚಿ ಮತ್ತೆ ಕಟ್ಟಲು ನಾಲ್ಕು ತಿಂಗಳು ಬೇಕು. ಹಡಗನ್ನು ನೀರಿಗಿಳಿಸುವ ದಿನ ನಿಗದಿಯಾಗಿಹೋಗಿತ್ತು. ಹೀಗೇ ಇರಲಿ, ಮುಂದೆ ನೋಡೋಣ ಎಂದು ಮೇಲಿನವರು ತೀರ್ಮಾನಿಸಿದರು. ಆದರೆ ತಪ್ಪು ಯಾರದ್ದು ಎಂದು ಕಡತದಲ್ಲಿ ಬರೆಯಲೇಬೇಕಲ್ಲ?

ದೊಡ್ಡ ಸಾಹೇಬರು ಇಬ್ಬರನ್ನೂ ಗಾಜಿನ ಕೋಣೆಗೆ ಕರೆದರು.

"ತಿದ್ದಿದ ಹಾಳೆ ಯಾವತ್ತು ಕೊಟ್ಟೆ?"

"ಹನ್ನೆರಡಕ್ಕೆ, ಸಾರ್."

ಅಕ್ಕ ಅವನ ಕಡೆ ತಿರುಗಿದಳು. "ಹನ್ನೆರಡಕ್ಕೆ ಕೊಟ್ಟೆಯಾ?"

"ಹೌದಕ್ಕ. ನಿಮ್ಮ ಮೇಜಿನ ಮೇಲೇ ಇಟ್ಟಿದ್ದೆ."

ಅವಳು ಎಡಗೈ ಬೆರಳಿನ ಶಾಯಿ ಕಲೆಯನ್ನು ಬಲಗೈ ಹೆಬ್ಬೆರಳಿನಿಂದ ಉಜ್ಜುತ್ತ ನಿಂತಳು. ವಾರದೊಳಗೆ ಅವಳನ್ನು ಕೆಳಗಿನ ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ. ಆ ಕೈಗೆ ಮತ್ತೆ ಶಾಯಿ ಪೆನ್ನು ಸಿಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂದು ಹಾಲಿನಲ್ಲಿ ಯಾರೋ ಅಂದರು. ರಾಡಾರ್ ಬದಲಿಸಿದವರನ್ನು ಕುರಿತು ಅಂದದ್ದು ಅದು. ಸ್ಕೇಲು ಮಾತ್ರ ಸ್ಟೂಲಿನ ಮೇಲೆ ಕೂತಲ್ಲೇ ಬೆವರಿದ.

ಹಡಗಿಗೆ ನಿಶ್ಚಲ ಎಂದು ಹೆಸರಿಟ್ಟರು. ಕಚೇರಿಯವರಿಗೆ ನಗುವೋ ನಗು. "ಓಡಾಡೋ ಹಡಗಿಗೆ ನಿಶ್ಚಲ ಅಂತೆ! ಇನ್ನು ಮುಳುಗೋ ಹಡಗಿಗೆ ಇವರು ತೇಲುತ್ತೆ ಅಂತ ಹೆಸರಿಡ್ತಾರೆ." ನೀರಿಗಿಳಿದ ಮೇಲೆ ಮೊದಲ ಪರೀಕ್ಷೆಗೆ ಸಮುದ್ರಕ್ಕೆ ಹೋದಾಗ ಎಂಜಿನ್ ಕೆಟ್ಟು ಆರು ಗಂಟೆ ನಿಂತಲ್ಲೇ ನಿಂತಿದ್ದು ನಗುವವರಿಗೆ ಇನ್ನಷ್ಟು ಅನುಕೂಲವಾಯಿತು. ಆದರೆ ಆ ಹೆಸರು ಹೊಸದಲ್ಲ. ಹಿಂದಿನ ಯುದ್ಧದಲ್ಲಿ ಅದೇ ಹೆಸರಿನ ಪುಟ್ಟ ಹಡಗೊಂದು ನಲವತ್ತೊಂದು ಜನರ ಸಮೇತ ಮುಳುಗಿತ್ತು. ಮುಳುಗಿದ ಹಡಗಿನ ಹೆಸರನ್ನು ನೌಕಾಪಡೆ ಕೈಬಿಡುವುದಿಲ್ಲ. ಮುಂದೆ ಕಟ್ಟಿದ್ದಕ್ಕೆ ಕೊಡುತ್ತದೆ.

ನೀರಿಗಿಳಿಸುವ ದಿನ ಹಗ್ಗ ಕತ್ತರಿಸಲು ಬಂದವರು ಆ ಹಳೆಯ ಹಡಗಿನ ಎಂಜಿನಿಯರ ಹೆಂಡತಿ. ಎಪ್ಪತ್ತು ದಾಟಿದ, ಕೋಲೂರಿ ನಡೆಯುವ ತೆಳ್ಳನೆ ಅಜ್ಜಿ. ಹಗ್ಗ ಕತ್ತರಿಸಿದ ಮೇಲೆ ನಕ್ಷೆ ಕಚೇರಿಯವರ ಸಾಲಿನ ಮುಂದೆ ಬಂದು, ಒಬ್ಬೊಬ್ಬರ ಕೈ ಹಿಡಿದು ನೀನೇನು ಮಾಡಿದೆ ಮಗು ಎಂದು ವಿಚಾರಿಸಿದರು. ಸ್ಕೇಲುವಿನ ಸರದಿ ಬಂತು.

"ಹಿಂದಿನ ಎಂಜಿನ್ ಕೋಣೆ, ಏಣಿ... ಅಂಥದ್ದು, ಅಮ್ಮ."

ಅಜ್ಜಿ ಕೈ ಬಿಡಲಿಲ್ಲ. "ನಮ್ಮ ಯಜಮಾನರು ಕೆಳಗೇ ಉಳಿದುಬಿಟ್ಟರು. ಏಣಿ ಹತ್ತೋಕೆ ಆಗಲಿಲ್ಲವಂತೆ. ಇದರಲ್ಲಿ ಎಲ್ಲರೂ ಹೊರಗೆ ಬರಬಹುದು ತಾನೇ?"

"ಬರಬಹುದು, ಅಮ್ಮ" ಎಂದ. ಮನೆಗೆ ಬಂದವನು ಎರಡು ಸಲ ಕೈ ತೊಳೆದ. ಹೆಂಡತಿ ಯಾಕೆ ಎಂದರೆ ಗ್ರೀಸು ಎಂದ.

ನಿಶ್ಚಲ ಒಳ್ಳೆಯ ಹಡಗೇ ಆಯಿತು. ಕಡಲ್ಗಳ್ಳರಿದ್ದ ನೀರಿನಲ್ಲಿ ಸರಕು ಹಡಗುಗಳಿಗೆ ಕಾವಲು ಹೋಯಿತು. ಬಿರುಗಾಳಿ ಬಡಿದ ದ್ವೀಪಗಳಿಗೆ ಕುಡಿಯುವ ನೀರು ಹೊತ್ತಿತು. ಯುದ್ಧ ಹತ್ತಿಕೊಂಡ ಊರೊಂದರ ಬಂದರಿನಿಂದ ನಾನೂರು ಜನರನ್ನು ಡೆಕ್ಕಿನ ಮೇಲೆ ಕೂರಿಸಿಕೊಂಡು ಬಂತು. ದಾರಿಯಲ್ಲಿ ಒಬ್ಬಳಿಗೆ ಹೆರಿಗೆಯೂ ಆಯಿತು. ಪತ್ರಿಕೆಯಲ್ಲಿ ಫೋಟೋ ಬಂದಾಗಲೆಲ್ಲ ನೆರೆಯವರು ಮನೆಗೆ ಬಂದು "ನಿಮ್ಮ ಹಡಗು!" ಎನ್ನುತ್ತಿದ್ದರು. ಅವನು ಪತ್ರಿಕೆ ಮಡಿಸಿ ಮಾತು ಬದಲಿಸುತ್ತಿದ್ದ. ಎಷ್ಟು ನಮ್ರ ಮನುಷ್ಯ ಎಂದು ಅವರು ಹೊಗಳಿದರೆ ಅದೊಂದು ನುಂಗಲಾರದ ತುತ್ತು. ಇತ್ತ ದೊಡ್ಡ ಸಾಹೇಬರು ಅವನನ್ನು ಒಂದೊಂದೇ ಮೆಟ್ಟಿಲು ಮೇಲೇರಿಸಿದರು. ಅಕ್ಕ ಕ್ಯಾಂಟೀನಿನಲ್ಲಿ ಕಂಡರೆ ಅವನು ತಟ್ಟೆ ಎತ್ತಿಕೊಂಡು ಆಚೆ ಬಾಗಿಲಿನಿಂದ ಹೋಗುತ್ತಿದ್ದ.

ಹನ್ನೊಂದನೇ ವರ್ಷ ಹಿಂದಿನ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಕೆಳಗೆ ಒಂಬತ್ತು ಜನ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡವರು ಏಣಿಯ ಬಾಯಿಯಲ್ಲಿ ಸಿಕ್ಕಿಕೊಂಡರು. ಒಬ್ಬೊಬ್ಬರ ಸಿಲಿಂಡರ್ ಬಿಚ್ಚಿ, ಮೊದಲು ಮನುಷ್ಯನನ್ನು, ಆಮೇಲೆ ಸಿಲಿಂಡರನ್ನು ಕೆಳಗಿನಿಂದ ನೂಕಿದವನು ಒಬ್ಬ ಮೆಕ್ಯಾನಿಕ್. ಕೊನೆಗೆ ಬಂದದ್ದೂ ಅವನೇ. ಯಾರೂ ಸಾಯಲಿಲ್ಲ. ಮೆಕ್ಯಾನಿಕ್ ಹಿಡಿದಿದ್ದ ಏಣಿಯ ಕಂಬಿ ಕೆಂಪಗೆ ಕಾದಿತ್ತು. ಬಲಗೈಯ ಎರಡು ಬೆರಳು ಹೋದವು, ಉಳಿದವು ಸೆಟೆದವು.

ಬಾಯಿಯನ್ನು ಎಪ್ಪತ್ತು ಸೆಂಟಿಮೀಟರಿಗೆ ಅಗಲಿಸಿ ಎಂದು ಆದೇಶ ಬಂತು. ನಕ್ಷೆ ತಿದ್ದಬೇಕಾದವನು, ಈಗ ಆ ವಿಭಾಗದ ಹಿರಿಯ, ಸ್ಕೇಲುವೇ. ಹಳೆಯ ಹಾಳೆಗೆ ದಾಖಲೆ ಕೋಣೆಗೇ ಇಳಿಯಬೇಕು. ಯಾರನ್ನಾದರೂ ಕಳಿಸೋಣವೆಂದರೆ ಅಂಥ ಹಾಳೆಗೆ ಅವನದೇ ಸಹಿ ಬೇಕು. ಇಳಿದ. ಅಕ್ಕನ ಕೂದಲು ನೆರೆತಿತ್ತು. ಹುಡುಕದೆ, ನೇರವಾಗಿ ಹೋಗಿ ಕಪಾಟಿನಿಂದ ಹಾಳೆ ತಂದಳು.

"ಆ ಮೆಕ್ಯಾನಿಕ್‌ದು ಕೈ ಹೋಯ್ತಂತೆ?"

"ಎರಡು ಬೆರಳು."

"ಹೂಂ" ಎಂದು ಪುಸ್ತಕ ಮುಂದಕ್ಕೆ ಸರಿಸಿದಳು. "ಸಹಿ ಹಾಕು. ತಾರೀಕು ಸರಿಯಾಗಿ ಬರಿ."

ಅವನು ಬರೆದ. ಅವತ್ತು ಹೇಳಬಹುದಿತ್ತು. ಮೆಟ್ಟಿಲು ಹತ್ತುವಾಗ ಅವನ ಕಾಲು ಎರಡು ಸಲ ನಿಂತದ್ದೂ ನಿಜ. ಆದರೂ ಹತ್ತಿದ. ಮೇಲೆ ಹೋಗಿ ಬಾಯಿಯನ್ನು ಒಳ್ಳೆಯ ಕೆಂಪು ಗೆರೆಯಲ್ಲಿ ಹದಿನಾಲ್ಕು ಸೆಂಟಿಮೀಟರ್ ಅಗಲಿಸಿದ. ತಿದ್ದುಪಡಿ ತುಂಬ ಅಚ್ಚುಕಟ್ಟು ಎಂದು ಮೆಚ್ಚುಗೆ ಪತ್ರ ಬಂತು.

ಇಪ್ಪತ್ತೊಂಬತ್ತು ವರ್ಷ ದುಡಿದ ನಿಶ್ಚಲಕ್ಕೆ ನಿವೃತ್ತಿ ಕೊಡುವುದೆಂದು ಆದಾಗ, ಸ್ಕೇಲು ನಿವೃತ್ತನಾಗಿ ಎರಡು ವರ್ಷವಾಗಿತ್ತು. ದೊಡ್ಡ ಸಾಹೇಬರು ತೀರಿಕೊಂಡಿದ್ದರು. ಬೀಳ್ಕೊಡುಗೆಗೆ ಒಂದು ಪುಸ್ತಿಕೆ ಬೇಕು, ಹೇಗೆ ವಿನ್ಯಾಸ ಮಾಡಿದರು, ಹೆಸರು ಹೇಗೆ ಬಂತು, ಎಲ್ಲೆಲ್ಲಿ ದುಡಿಯಿತು, ಎಲ್ಲ ಬರೆದುಕೊಡಿ, ಬಲ್ಲವರು ನೀವೊಬ್ಬರೇ ಉಳಿದಿರುವುದು ಎಂದು ನೌಕಾಪಡೆಯ ಅಧಿಕಾರಿಯೊಬ್ಬರು ಮನೆಗೇ ಬಂದು ಕೇಳಿದರು. ಇಲ್ಲ ಎನ್ನಲು ಅವನಿಗೆ ನೆಪ ಸಿಗಲಿಲ್ಲ.

ದಾಖಲೆ ಕೋಣೆಯಲ್ಲಿ ಒಂದು ವಾರ ಕೂತ. ಐದನೇ ದಿನ ಒಂದು ಪೆಟ್ಟಿಗೆಯ ತಳದಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಸಿಕ್ಕಿತು. ಆ ಮುತ್ತಿನಂಥ ಅಕ್ಷರ ನೋಡಿದ ಕೂಡಲೇ ಗುರುತು ಹತ್ತಿತು. ತನ್ನ ಮೇಜಿಗೆ ಬಂದ ಪ್ರತಿ ಹಾಳೆಯನ್ನೂ ಅಕ್ಕ ಬರೆದಿಡುತ್ತಿದ್ದಳು. 'ಏಣಿಯ ಬಾಯಿ, ತಿದ್ದಿದ್ದು. ಬಂದದ್ದು ಹತ್ತೊಂಬತ್ತು, ಬೆಳಿಗ್ಗೆ ಹತ್ತೂವರೆ. ಹಾಳೆಯ ಮೇಲೆ ಹನ್ನೆರಡು ಎಂದಿದೆ.' ಅದರ ಕೆಳಗೆ ಹಸಿರು ಶಾಯಿಯಲ್ಲಿ ಒಂದೇ ಪದ, ಒಂದು ಸಹಿ. 'ನೋಡಿದೆ.' ಸಹಿ ದೊಡ್ಡ ಸಾಹೇಬರದ್ದು. ಇಬ್ಬರನ್ನೂ ಕೋಣೆಗೆ ಕರೆದ ದಿನದ್ದೇ ತಾರೀಕು.

ಅಂದರೆ ಅವರಿಗೆ ಗೊತ್ತಿತ್ತು. ಬಡ್ತಿಯ ಕಾಗದ ಕೊಡುತ್ತ ಬೆನ್ನು ತಟ್ಟಿದಾಗಲೆಲ್ಲ ಗೊತ್ತಿತ್ತು. ಅವನ ಕಿವಿ ಕಾದು ಕೆಂಪಾಯಿತು. ಖಾಲಿ ಕೋಣೆಯಲ್ಲಿ ಯಾರೋ ನೋಡುತ್ತಿದ್ದಾರೆ ಅನ್ನುವ ಹಾಗೆ ನೋಟ್‌ಬುಕ್ ಮುಚ್ಚಿದ.

ಅಕ್ಕ ತಂಗಿಯ ಜೊತೆ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿದ್ದಳು. ತಂಗಿ ಬಾಗಿಲು ತೆಗೆದು, ಯಾರೆಂದು ಕೇಳಿ, ಮುಖ ಸಿಂಡರಿಸಿ ಒಳಗೆ ಹೋದಳು. ಅಕ್ಕ ಬಟ್ಟೆ ಮಡಿಸುತ್ತ ಕೂತಿದ್ದಳು. ಕೂತುಕೋ ಎನ್ನಲಿಲ್ಲ. ಅವನು ನಿಂತೇ ಹೇಳಿದ.

"ಅಕ್ಕ, ನೋಟ್‌ಬುಕ್ ನೋಡಿದೆ. ಸಾಹೇಬರಿಗೆ ತೋರಿಸಿದ್ರಾ?"

"ತೋರಿಸದೆ ಇರ್ತೀನಾ? ನಾನೇನು ದೇವತೆಯಾ?" ಒಂದು ಟವೆಲ್ಲು ಮಡಿಸಿ ಪಕ್ಕಕ್ಕಿಟ್ಟಳು. "ನೋಡಿದರು. ನಕ್ಷೆಯಲ್ಲೇ ತಪ್ಪು ಅಂದ್ರೆ ಇಡೀ ಕಚೇರಿ ತಲೆ ಕೊಡಬೇಕು, ಟ್ರೇಸಿಂಗಲ್ಲಿ ತಡ ಆಯ್ತು ಅಂದ್ರೆ ಕಡತ ಮುಚ್ಚುತ್ತೆ, ಒಂದು ತಲೆದಂಡ ಸಾಕಮ್ಮ ಅಂದರು. ಆಮೇಲೆ ಯಾರಿಗೆ ಹೇಳಲಿ?"

"ನನ್ನದು ತಪ್ಪಾಯ್ತಕ್ಕ."

"ಹಾಳೆ ಮರೆತದ್ದು ತಪ್ಪು. ಯಾರಾದ್ರೂ ಮರೀತಾರೆ. ನನ್ನ ಮುಖ ನೋಡಿಕೊಂಡು ಹೌದಕ್ಕ ಅಂದೆಯಲ್ಲ, ಅದಕ್ಕೆ ಬೇರೆ ಹೆಸರು ಹುಡುಕು. ಇಪ್ಪತ್ತು ವರ್ಷ ಆ ಕತ್ತಲೆ ಕೋಣೆ ಸಹಿಸಿದೆ. ನನ್ನ ಕಂಡ್ರೆ ಊಟದ ತಟ್ಟೆ ಹಿಡ್ಕೊಂಡು ಓಡ್ತಿದ್ದೆಯಲ್ಲ, ನಾನೇ ಕಳ್ಳಿ ಅನ್ನೋ ಹಾಗೆ! ಅದನ್ನ ಸಹಿಸೋಕೆ ಆಗಲಿಲ್ಲ."

ಅವನು ತಲೆ ತಗ್ಗಿಸಿ ನಿಂತ. ಅಳು ಬಂತು, ಇಲ್ಲಿ ಅತ್ತರೆ ಅದೂ ಅವಳ ಮೇಲೆ ಹೊರೆಯಾಗುತ್ತದೆ ಅನ್ನಿಸಿ ತಡೆದ.

"ಏನು ಮಾಡಲಿ, ಅಕ್ಕ?"

"ಪುಸ್ತಕ ಬರೀತಿದ್ದೀಯಂತಲ್ಲ. ಅದರಲ್ಲಿ ಬರಿ. ನನಗೆ ಹೇಳಿ ಏನು ಪ್ರಯೋಜನ? ನನಗೆ ಮೊದಲೇ ಗೊತ್ತು."

ಮನೆಗೆ ಹೋಗಿ ಮೊದಲು ಹೆಂಡತಿಗೆ ಹೇಳಿದ. ಅವಳು "ನಮ್ಮ ಮನೆಗೆ ಬಂದಾಗ ಅಕ್ಕ ನಮ್ಮ ಮಗಳಿಗೆ ಸ್ವೆಟರ್ ಹೆಣೆದು ತಂದಿದ್ದರು, ನೆನಪಿದೆಯಾ?" ಎಂದಳಷ್ಟೆ. ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಅವನು ಬರೆದ. ತಾರೀಕು, ಸುಳ್ಳು, ಐವತ್ತಾರು ಸೆಂಟಿಮೀಟರ್, ಮೆಕ್ಯಾನಿಕ್‌ನ ಬೆರಳು, ಎಲ್ಲ. ಅಧಿಕಾರಿ ಓದಿ ಕನ್ನಡಕ ತೆಗೆದರು. "ಇದು ಸಮಾರಂಭದಲ್ಲಿ ಹಂಚೋ ಪುಸ್ತಕ, ಸಾರ್. ಈ ಒಂದು ಪುಟ ಬಿಡೋಣ." ಆ ಪುಟ ಬಿಡುವುದಾದರೆ ನನ್ನ ಹೆಸರೂ ಬಿಡಿ ಎಂದ. ಬಿಟ್ಟರು. ಪುಸ್ತಿಕೆ ಅನಾಮಿಕವಾಗಿ ಅಚ್ಚಾಯಿತು, ಬಣ್ಣದ ಫೋಟೋಗಳ ಜೊತೆ. ಆದರೆ ನೋಟ್‌ಬುಕ್ಕಿನ ಪ್ರತಿ ಮತ್ತು ತನ್ನ ಹೇಳಿಕೆ ಎರಡನ್ನೂ ಲಗತ್ತಿಸಿ ಅವನು ಹಡಗುಕಟ್ಟೆಗೆ ಅರ್ಜಿ ಹಾಕಿದ; ಮೂರು ಸಲ ಹೋಗಿ ಕೇಳಿದ. ಅಧಿಕಾರಿಯೂ ಒಂದು ಪತ್ರ ಬರೆದು ಸಹಾಯ ಮಾಡಿದರು.

ಬೀಳ್ಕೊಡುಗೆಯ ಬೆಳಿಗ್ಗೆ ಸಮಾರಂಭದ ಜನರ ನಡುವೆ ಮೆಕ್ಯಾನಿಕ್‌ನನ್ನು ಹುಡುಕಿ ಹೋಗಿ ಅವನಿಗೂ ಹೇಳಿದ. ಮೆಕ್ಯಾನಿಕ್ ಈಗ ಮೊಮ್ಮಕ್ಕಳ ಅಜ್ಜ. ಪೂರ್ತಿ ಕೇಳಿಸಿಕೊಂಡು, ಸೆಟೆದ ಬಲಗೈಯನ್ನು ಜೇಬಿನಿಂದ ತೆಗೆದು, "ನೋಡಿ" ಎಂದ. ಸ್ಕೇಲು ನೋಡಿದ. ಕಣ್ಣು ತೆಗೆಯಬೇಕೆನಿಸಿದರೂ ತೆಗೆಯದೆ ನೋಡಿದ. "ಸರಿ" ಎಂದು ಮೆಕ್ಯಾನಿಕ್ ಕೈಯನ್ನು ಮತ್ತೆ ಜೇಬಿಗೆ ಹಾಕಿ ತನ್ನ ಹಳೆಯ ಹಡಗಿನವರ ಸಾಲಿಗೆ ಹೋಗಿ ನಿಂತ.

ಏಳು ತಿಂಗಳ ಮೇಲೆ ಅಕ್ಕನಿಗೆ ಹಡಗುಕಟ್ಟೆಯಿಂದ ನಾಲ್ಕು ಸಾಲಿನ ಪತ್ರ ಬಂತು. ಅವಳ ಸೇವಾ ಪುಸ್ತಕದಲ್ಲಿದ್ದ ಆರೋಪ ತಪ್ಪೆಂದು ಕಂಡುಬಂದಿದ್ದು ಅದನ್ನು ತೆಗೆದುಹಾಕಲಾಗಿದೆ ಎಂದು. ಫೋನು ಮಾಡಿ ತಿಳಿಸಿದ್ದು ತಂಗಿ. "ಓದಿದಳು. ಎರಡು ಕಾಗುಣಿತ ತಪ್ಪಿದೆ ಅಂದಳು" ಎಂದು ಹೇಳಿ ಇಟ್ಟುಬಿಟ್ಟಳು.

ಅವನು ಈಗಲೂ ತಿಂಗಳಿಗೊಮ್ಮೆ ಆ ಮೂರು ಮಹಡಿ ಹತ್ತುತ್ತಾನೆ. ಕೆಲವು ಸಲ ಅಕ್ಕ ಒಳಗೆ ಕರೆದು ಚಹಾ ಕೊಡುತ್ತಾಳೆ, ಹಳೆಯ ಕಚೇರಿಯವರ ಸುದ್ದಿ ಕೇಳುತ್ತಾಳೆ. ಕೆಲವು ಸಲ ಇವತ್ತು ಬೇಡ ಎಂದು ತಂಗಿಯ ಕೈಲಿ ಹೇಳಿಸುತ್ತಾಳೆ. ಅಂಥ ದಿನ ಅವನು ಆಗಲಿ ಎಂದು ಮೆಟ್ಟಿಲ ಕಂಬಿ ಹಿಡಿದು ನಿಧಾನವಾಗಿ ಇಳಿದು ಬರುತ್ತಾನೆ.