ಉಕ್ಕದ ಹಾಲು

ಹದಿನೆಂಟು ತುಂಬಿದ ಹುಡುಗಿಗೆ ನಮ್ಮ ಅನಾಥಾಲಯ ಕೊಡುತ್ತಿದ್ದದ್ದು ಒಂದು ತಗಡಿನ ಟ್ರಂಕು, ಎರಡು ಸೀರೆ, ಜೊತೆಗೆ ಕಾರ್ಯದರ್ಶಿಗಳ ಭಾಷಣ. ‘ಇನ್ಮೇಲೆ ನಿನ್ನ ಕಾಲ ಮೇಲೆ ನೀನು ನಿಲ್ಲಬೇಕಮ್ಮ’ ಎಂದು ಅವರು ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದರು. ನಾನು ಅಲ್ಲಿ ಹೊಲಿಗೆ ಟೀಚರು. ಎಂಬತ್ತರ ದಶಕದ ಆರಂಭದ ಮಾತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ವರ್ಷ ಹೊರಬೀಳಬೇಕಾದವಳು ಮೂರು ವರ್ಷದ ಮಗುವಾಗಿ ನಮ್ಮಲ್ಲಿಗೆ ಬಂದವಳು. ಪೀಣ್ಯದಲ್ಲಿ ಮೋಟರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಸಿಕ್ಕಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಇರಲು ಕೋಣೆ ಮಾತ್ರ ಯಾರೂ ಕೊಡಲೊಲ್ಲರು. ‘ಯಾರ ಮನೆ ಹುಡುಗಿ?’ ಎಂಬ ಮೊದಲ ಪ್ರಶ್ನೆಗೇ ಬಾಗಿಲು ಮುಚ್ಚುತ್ತಿತ್ತು. ಸೋಮವಾರದೊಳಗೆ ಕೋಣೆ ಸಿಗದಿದ್ದರೆ ಅವಳು ಕೆಲಸ ಬಿಟ್ಟು ನಿರ್ಗತಿಕ ಹೆಂಗಸರ ಆಶ್ರಮ ಸೇರಬೇಕು. ಅಲ್ಲಿಗೆ ಹೋದವರು ಹೊರಗೆ ಬಂದದ್ದನ್ನು ನಾನಂತೂ ಕಂಡಿರಲಿಲ್ಲ.

ಕೊನೆಗೆ ಪೀಣ್ಯದ ಹಳೇ ಊರಿನ ಒಬ್ಬ ಗೌಡತಿ ಒಪ್ಪಿದರು. ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಸಾಲಾಗಿ ಆರು ಕೋಣೆ ಕಟ್ಟಿಸಿದ್ದವರು. ‘ಶುಕ್ರವಾರ ಆಲುಕ್ಸಿ ಸೇರ್ಕೊಳ್ಲಿ ಬುಡಿ, ಟೀಚರಮ್ಮ’ ಎಂದರು.

ಶುಕ್ರವಾರ ಹೊಸ ಸೀಮೆಎಣ್ಣೆ ಸ್ಟೌವಿನ ಮೇಲೆ ಹಾಲಿಟ್ಟೆವು. ‘ಹಾಲು ನೋಡ್ಕೋತಿರು’ ಎಂದು ಅವಳಿಗೆ ಹೇಳಿ ನಾನು ಊದುಬತ್ತಿ ಹಚ್ಚಲು ತಿರುಗಿದೆ. ನೊರೆ ಪಾತ್ರೆಯ ಅಂಚಿಗೆ ಬಂದದ್ದೇ ತಡ, ಹುಡುಗಿ ಸೆರಗಿನಲ್ಲಿ ಹಿಡಿದು ಸರಕ್ಕನೆ ಕೆಳಗಿಳಿಸಿಬಿಟ್ಟಳು. ಮುಖದಲ್ಲಿ ಎಂಥ ಗೆಲುವು!

‘ಒಂದ್ ತೊಟ್ಟೂ ಚೆಲ್ಲಿಲ್ಲ ಟೀಚರ್!’

ಗೌಡತಿಯ ಮುಖ ಕಪ್ಪಿಟ್ಟಿತು. ‘ಉಕ್ಕೋ ಆಲ್ನ ಇಳಿಸ್ಬುಟ್ಳಲ್ಲ! ಅಪ್ಪ ಅವ್ವ ಇಲ್ದೋಳ್ಗೆ ಏನ್ ಗೊತ್ತಾಯ್ತದೆ? ಬ್ಯಾಡ ಕಣವ್ವ, ಈ ಕ್ವಾಣೆ ಏಳ್ಗೆ ಆಗಲ್ಲ.’

‘ಒಂದು ಜೀವಕ್ಕಿಂತ ನಿಮ್ಗೆ ನೊರೆ ಹೆಚ್ಚಾಯ್ತೇನ್ರೀ?’ ಎಂದು ವಠಾರವೆಲ್ಲ ಕೇಳುವಂತೆ ಕೂಗಾಡಿದೆ. ಕೂಗುತ್ತಿರುವಾಗಲೇ ಅವಳು ಯಾಕೆ ಇಳಿಸಿದಳೆಂದು ಹೊಳೆಯಿತು. ಅನಾಥಾಲಯದಲ್ಲಿ ಹಾಲು ಕಾಯಿಸುವ ಸರದಿ ಹುಡುಗಿಯರದು. ಉಕ್ಕಿಸಿದವಳ ಅಂಗೈಗೆ ಸ್ಕೇಲಿನಿಂದ ಎರಡೇಟು. ಸ್ಕೇಲು ನನ್ನದು, ಏಟೂ ನನ್ನವೇ. ಗಂಟೆ ಹೊಡೆದರೆ ಏಳುವುದು, ಸಾಲಾಗಿ ನಿಲ್ಲುವುದು, ಕಾಜಾ ಹೊಲಿಯುವುದು ಎಲ್ಲ ಕಲಿಸಿದ್ದೆವು. ಹದಿನೈದು ವರ್ಷದಲ್ಲಿ ಒಂದು ಮನೆಯ ಒಕ್ಕಲಿಗಾದರೂ ಅವಳನ್ನು ಕರೆದೊಯ್ದಿದ್ದೆವೇ? ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಅವಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗೌಡತಿಗೆ ಸ್ಕೇಲಿನ ವಿಷಯ ಹೇಳಿದೆ. ಆಕೆ ನನ್ನನ್ನು ಕೆಕ್ಕರಿಸಿ ನೋಡಿದರು. ‘ಆಲ್ಗೋಸ್ಕರ ಮಕ್ಕಳ್ಗೆ ಒಡೀತಿದ್ರಾ? ನಿಮ್ ಕೈ ಸೇದೋಗ!’ ಎಂದು ಶಪಿಸಿ, ತಾವೇ ಮನೆಯಿಂದ ಇನ್ನೊಂದು ಚೊಂಬು ಹಾಲು ತಂದು ಇಟ್ಟರು.

‘ಈ ಸಲ ಮುಟ್ಬೇಡ, ಉಕ್ಕಲಿ’ ಎಂದೆ. ಹುಡುಗಿ ಕೈಗಳನ್ನು ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿ ನಿಂತಳು. ಹಾಲು ಉಕ್ಕಿ ಸ್ಟೌವಿನ ಮೇಲೆ ಚುರ್ರೆಂದು ಹರಿಯಿತು. ಗೌಡತಿ ಕೈಮುಗಿದು, ಬೀಗದ ಕೈಯನ್ನು ಟ್ರಂಕಿನ ಮೇಲಿಟ್ಟರು.

ಹುಡುಗಿ ಅದನ್ನು ನೋಡಲೇ ಇಲ್ಲ. ನನ್ನ ಕಡೆ ತಿರುಗಿ, ಕಣ್ಣು ಮುಚ್ಚಿ, ಅಂಗೈ ಚಾಚಿದಳು.